ಪಾಲಿಹೌಸ್‌ನಲ್ಲಿ ಬೇರುಗಂಟು: ಒಂದು ಗಿಡ ಎತ್ತಿ ನೋಡಿ

ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್‌ನೊಳಗಿನ ಕ್ಯಾಪ್ಸಿಕಂ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತದೆ. ಎರಡು ದಿನ ನೀರು ಜಾಸ್ತಿ ಕೊಡುತ್ತೀರಿ. ಎಲೆ ಹಳದಿಯಾಯಿತು ಅಂತ ಡ್ರಿಪ್‌ನಲ್ಲಿ ಗೊಬ್ಬರ ಬಿಡುತ್ತೀರಿ. ಅದಕ್ಕೂ ಬಗ್ಗದಿದ್ದರೆ ಸೊರಗು ರೋಗ ಇರಬೇಕು ಅಂತ ಬುಡಕ್ಕೆ ಔಷಧಿ ಸುರಿಯುತ್ತೀರಿ. ಇಷ್ಟೆಲ್ಲ ಖರ್ಚು ಮಾಡುವ ಮೊದಲು ಒಂದೇ ಒಂದು ಗಿಡವನ್ನು ಬೇರು ಹರಿಯದಂತೆ ಸಲಿಕೆಯಲ್ಲಿ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ ನೋಡಿ. ಬೇರಿನ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಂಟುಗಳಿವೆಯಾ? ಹಾಗಾದರೆ ಅದು ಬೇರುಗಂಟು ಜಂತುಹುಳು. ರೈತರ ಬಾಯಲ್ಲಿ ನೆಮಟೋಡ್.

ಅವರೆ, ಅಲಸಂದೆ ಬೆಳೆದವರಿಗೆ ಬೇರಿನ ಗಂಟು ಹೊಸದಲ್ಲ. ಆದರೆ ಅದು ಬೇರೆ, ಇದು ಬೇರೆ. ಅವರೆಯಲ್ಲಿ ಸಾರಜನಕ ಹಿಡಿಯುವ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ನೆಮಟೋಡ್ ಗಂಟು ಉದುರುವುದಿಲ್ಲ. ಅಲ್ಲಿ ಬೇರೇ ಊದಿಕೊಂಡಿರುತ್ತದೆ.

ಈ ಗಂಟಿನ ಬಗ್ಗೆ ಮೊದಲ ವರದಿ ಬಂದದ್ದೂ ಹೀಗೇ ಮುಚ್ಚಿದ ಮನೆಯೊಳಗಿಂದ. 1855ರಲ್ಲಿ ಇಂಗ್ಲೆಂಡಿನ ಮೈಲ್ಸ್ ಬರ್ಕ್‌ಲಿ ಎಂಬ ಪಾದ್ರಿ ಗಾಜಿನ ಮನೆಯ ಸೌತೆ ಬೇರಿನಲ್ಲಿ ಇದನ್ನು ಕಂಡು ಬರೆದರು. ನಮ್ಮ ದಕ್ಷಿಣ ಭಾರತದಲ್ಲಿ 1901ರಲ್ಲಿ ಬಾರ್ಬರ್ ಎಂಬುವರು ಚಹಾ ಗಿಡದ ಬೇರಿನಲ್ಲಿ ಗುರುತಿಸಿದರು. ಹುಳು ಬಯಲಲ್ಲೂ ಇದೆ, ಮನೆಯೊಳಗೂ ಇದೆ. ಒಳಗೆ ಮಾತ್ರ ಅದಕ್ಕೆ ಬೇಕಾದ್ದೆಲ್ಲ ವರ್ಷವಿಡೀ ಸಿಗುತ್ತದೆ: ಬೆಚ್ಚಗಿನ ಮಣ್ಣು, ಆರದ ತೇವ, ಒಂದರ ಹಿಂದೆ ಒಂದು ಅದೇ ಬೆಳೆ.

ಮೊಟ್ಟೆಯಿಂದ ಹೊರಬರುವ ಮರಿ ಅರ್ಧ ಮಿಲಿಮೀಟರ್ ಕೂಡ ಉದ್ದ ಇರುವುದಿಲ್ಲ. ಬೇರಿನ ಎಳೆ ತುದಿಯ ಹತ್ತಿರ ಒಳಗೆ ನುಗ್ಗಿ, ನೀರು ಮತ್ತು ಆಹಾರ ಸಾಗಿಸುವ ನಾಳದ ಬಳಿ ಒಂದು ಜಾಗ ಹಿಡಿದು, ಸೂಜಿಯಂಥ ಬಾಯಿಯಿಂದ ಸುತ್ತಲಿನ ಕೆಲವೇ ಜೀವಕೋಶಗಳಿಗೆ ತನ್ನ ರಸ ಚುಚ್ಚುತ್ತದೆ. ಆ ಕೋಶಗಳು ದೈತ್ಯವಾಗಿ ಬೆಳೆಯುತ್ತವೆ. ಒಳಗಿನ ಕೇಂದ್ರಗಳು ಎರಡು, ನಾಲ್ಕು, ಎಂಟು ಅಂತ ಹೆಚ್ಚುತ್ತ ಹೋಗುತ್ತವೆ, ಕೋಶ ಮಾತ್ರ ಒಡೆದು ಎರಡಾಗುವುದಿಲ್ಲ. ಗಿಡ ಹಣ್ಣಿಗೆ ಕಳಿಸಬೇಕಾದ ಊಟ ಇಲ್ಲಿಗೆ ಬಂದು ಬೀಳುತ್ತದೆ. ಹುಳು ಅಲ್ಲಿಂದ ಮತ್ತೆ ಕದಲುವುದಿಲ್ಲ. ಊದಿ ಪಿಯರ್ (ಮರಸೇಬು) ಹಣ್ಣಿನ ಆಕಾರಕ್ಕೆ ಬಂದು, ಲೋಳೆ ಚೀಲದಲ್ಲಿ ಮುನ್ನೂರರಿಂದ ಐನೂರು ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಜಾಸ್ತಿ ಕಾಣುವ ಮೆಲೊಯ್ಡೊಗೈನ್ ಇನ್‌ಕಾಗ್ನಿಟಾ ಜಾತಿಗೆ ಸಂತಾನಕ್ಕೆ ಗಂಡು ಕೂಡ ಬೇಕಿಲ್ಲ.

ಮಣ್ಣಿನ ಬಿಸಿ 27 ಡಿಗ್ರಿ ಆಸುಪಾಸಿದ್ದರೆ ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು. ಮುನ್ನೂರರಲ್ಲಿ ಹತ್ತೇ ಬದುಕಿದವು ಅಂದುಕೊಳ್ಳಿ. ಒಂದು ಹುಳು ತಿಂಗಳಿಗೆ ಹತ್ತು, ಎರಡನೇ ತಿಂಗಳಿಗೆ ನೂರು, ಮೂರನೆಯದಕ್ಕೆ ಸಾವಿರ. ಕ್ಯಾಪ್ಸಿಕಂ ಒಂಬತ್ತು ಹತ್ತು ತಿಂಗಳು ನಿಲ್ಲುವ ಬೆಳೆ, ಅಲ್ವಾ? ಎಲೆ ಹಳದಿಯಾಗುವ ಹೊತ್ತಿಗೆ ಲೆಕ್ಕ ನಮ್ಮ ಕೈ ಮೀರಿರುತ್ತದೆ. ಅದಕ್ಕೇ ಹೇಳುತ್ತೇನೆ, ನೆಮಟೋಡ್ ಕೆಲಸ ನಾಟಿಗೆ ಮೊದಲೇ ಮುಗಿಯಬೇಕು.

ನನಗೆ ತುಂಬ ಸಂಕಟವಾಗುವುದು ಒಂದು ವಿಷಯಕ್ಕೆ. ಲಕ್ಷಗಟ್ಟಲೆ ಸಾಲ ಮಾಡಿ ಪಾಲಿಹೌಸ್ ಕಟ್ಟುತ್ತಾರೆ, ಮಡಿಗೆ ಬೇಕಾದ ಕೆಂಪು ಮಣ್ಣನ್ನು ಮಾತ್ರ ಎಲ್ಲಿಂದಲೋ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿಯುತ್ತಾರೆ. ಅದು ನಿನ್ನೆ ಮೊನ್ನೆ ಟೊಮೆಟೊ ಇದ್ದ ಹೊಲದ ಮಣ್ಣಾಗಿದ್ದರೆ ಹುಳುವನ್ನು ಬಾಡಿಗೆ ಕೊಟ್ಟು ಮನೆಗೆ ಕರೆತಂದ ಹಾಗೆ. ಪಕ್ಕದವರ ರೋಟವೇಟರ್, ಮಣ್ಣಿನಲ್ಲಿ ಬೆಳೆಸಿದ ಸಸಿ, ಚಪ್ಪಲಿಗೆ ಅಂಟಿದ ಕೆಸರು, ಎಲ್ಲವೂ ದಾರಿಗಳೇ. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇ ಸಸಿ ಇದಕ್ಕಿಂತ ಎಷ್ಟೋ ವಾಸಿ.

ಬೆಳೆ ಮುಗಿದಾಗ ಕಾಂಡ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಡುತ್ತಾರಲ್ಲ, ಅದು ಇನ್ನೊಂದು ತಪ್ಪು. ಮೊಟ್ಟೆಗಳಿರುವುದೇ ಆ ಬೇರಿನಲ್ಲಿ. ಎಲ್ಲ ಬೇರು ಕಿತ್ತು, ಹೊರಗೆ ಒಣಗಿಸಿ ಸುಡಬೇಕು.

ಆಮೇಲೆ ಬಿಸಿಲಿನ ಸರದಿ. 1976ರಲ್ಲಿ ಇಸ್ರೇಲ್‌ನ ಯಾಕೋವ್ ಕಟಾನ್ ಮತ್ತು ಜೊತೆಗಾರರು ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೇ ಮಣ್ಣು ಕಾಯಿಸಿ ರೋಗ ತಗ್ಗಿಸುವ ದಾರಿ ತೋರಿಸಿದರು. ಏಪ್ರಿಲ್, ಮೇ ತಿಂಗಳಲ್ಲಿ ಮಡಿಗೆ ಚೆನ್ನಾಗಿ ನೀರು ಕುಡಿಸಿ, ತೆಳುವಾದ ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ಪಾಲಿಹೌಸ್‌ನ ಪರದೆಗಳನ್ನೂ ಇಳಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಮನೆಯಲ್ಲಿ ಇದೆ ಅಂತ ಮಲ್ಚಿಂಗಿನ ಕಪ್ಪು ಹಾಳೆ ಹಾಕಬೇಡಿ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ, ಪಾರದರ್ಶಕ ಹಾಳೆ ಮಣ್ಣಿಗೆ ದಾಟಿಸುತ್ತದೆ. ಇಷ್ಟಾದರೂ ಕೆಳಗಿನ ಪದರದ ಹುಳು ಬದುಕಿರುತ್ತದೆ, ಬೆಳೆಯ ನಡುವೆ ನಿಧಾನಕ್ಕೆ ಮೇಲೆ ಬರುತ್ತದೆ.

ಆ ಉಳಿದವಕ್ಕೆ ಜೀವಂತ ಕಾವಲು ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಹಳ ಕಾಲದಿಂದ ಹೇಳುತ್ತಿರುವ ದಾರಿ ಇದು. ಬೇವಿನ ಹಿಂಡಿ ಮತ್ತು ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೊಡರ್ಮಾ, ಸ್ಯೂಡೊಮೊನಾಸ್, ಪರ್ಪ್ಯೂರಿಯೊಸಿಲಿಯಂ ಲಿಲಾಸಿನಂ ಎಂಬ ಉಪಕಾರಿ ಸೂಕ್ಷ್ಮಜೀವಿಗಳನ್ನು ಬೆರೆಸಿ, ತೇವ ಆರದಂತೆ ನೆರಳಲ್ಲಿ ಸುಮಾರು ಎರಡು ವಾರ ಬೆಳೆಯಲು ಬಿಟ್ಟು, ನಂತರ ಮಡಿಗೆ ಸೇರಿಸುವುದು. ಮೂರನೆಯದೂ ಟ್ರೈಕೊಡರ್ಮಾದಂತೆ ಒಂದು ಶಿಲೀಂಧ್ರ. 1979ರಲ್ಲಿ ಪೆರು ದೇಶದಲ್ಲಿ ಇದು ನೆಮಟೋಡ್ ಮೊಟ್ಟೆಗಳನ್ನೇ ತಿನ್ನುವುದು ಗೊತ್ತಾಯಿತು. ಪೊಟ್ಟಣ ತಂದು ಒಣ ಮಣ್ಣಿಗೆ ಸುಮ್ನೆ ಎರಚಿದರೆ ಏನೂ ಆಗದು, ಅದಕ್ಕೆ ಬೆಳೆಯಲು ತೇವ ಮತ್ತು ಆಹಾರ ಬೇಕು. ವಾರದ ನಂತರ ಅದೇ ಮಡಿಗೆ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಸುರಿದರೆ ನೀವೇ ಸಾಕಿದ ಟ್ರೈಕೊಡರ್ಮಾವನ್ನು ನೀವೇ ಕೊಂದಂತೆ.

ಚೆಂಡು ಹೂವು ನಿಜವಾಗಿ ಕೆಲಸ ಮಾಡುತ್ತದೆ. ಹುಳು ಅದರ ಬೇರಿನೊಳಗೆ ಹೋದರೂ ಬೆಳೆಯಲಾರದು. ಆದರೆ ಅಂಚಿನಲ್ಲಿ ಒಂದು ಸಾಲು ಹಾಕಿದರೆ ಸಾಲದು. ಎರಡು ಬೆಳೆಗಳ ನಡುವೆ ಮಡಿ ತುಂಬ ಒತ್ತಾಗಿ ಎರಡು ಮೂರು ತಿಂಗಳು ಬೆಳೆಯಬೇಕು. ದಸರೆಗೆ ಕೂಡಿಬಂದರೆ ಹೂವಿನ ದುಡ್ಡೂ ಬರುತ್ತದೆ. ಟೊಮೆಟೊದಲ್ಲಿ ನಿರೋಧಕ ತಳಿಗಳಿವೆ, ಕಾಡು ಟೊಮೆಟೊದಿಂದ ಬಂದ ಎಂಐ ಎಂಬ ಜೀನ್ ಅವನ್ನು ಕಾಯುತ್ತದೆ. ಮಣ್ಣು 28 ಡಿಗ್ರಿ ದಾಟಿದರೆ ಆ ಕಾವಲು ಸಡಿಲವಾಗುತ್ತದೆ ಎಂಬುದು ಬೇಸಿಗೆಯ ಪಾಲಿಹೌಸ್‌ನವರಿಗೆ ನೆನಪಿರಲಿ.

ಫೋರೇಟ್ ಎಂಬ ಹಳೆಯ ಕೀಟನಾಶಕದ ಹರಳನ್ನು 2020ರ ಕೊನೆಯಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಯಾರಾದರೂ ಕೊಟ್ಟರೂ ಬೇಡ. ಈಗಿನ ಹೊಸ ಔಷಧಿಗಳು ಹುಳುವನ್ನು ತಗ್ಗಿಸುತ್ತವೆ, ಆದರೆ ಗಂಟಾದ ಬೇರನ್ನು ಯಾವುದೂ ಸರಿಮಾಡದು. ಕಾಯಿ ಕೊಯ್ಯುತ್ತಿರುವ ಬೆಳೆಗೆ ಹಾಕುವ ಮೊದಲು ಚೀಟಿಯ ಮೇಲಿನ ಬೆಳೆ ಹೆಸರು ಮತ್ತು ಕೊಯ್ಲಿಗೆ ಬಿಡಬೇಕಾದ ದಿನಗಳನ್ನು ಓದಿ.

ನಾಟಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ನೆಮಟೋಡ್ ಎಣಿಕೆಯನ್ನೇ ಕೇಳಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಅದು ಇರುವುದಿಲ್ಲ. ನಾಲ್ಕೈದು ಮಡಿಗಳಿಂದ, ಬೇರು ಇರುವ ಆಳದಿಂದ ತೇವದ ಮಣ್ಣು ತೆಗೆದು ಬೆರೆಸಿ, ಕಾಲು ಕಿಲೋದಷ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬೈಕಿನ ಹ್ಯಾಂಡಲಿಗೆ ನೇತುಹಾಕಿ ಬಿಸಿಲಲ್ಲಿ ಒಯ್ಯಬೇಡಿ. ಲ್ಯಾಬಿನಲ್ಲಿ ಹುಳುಗಳು ತೆಳು ಕಾಗದದ ಮೂಲಕ ತಾವಾಗಿಯೇ ನೀರಿಗಿಳಿಯಬೇಕು, ಆಮೇಲೆ ಎಣಿಸುತ್ತಾರೆ. ದಾರಿಯಲ್ಲೇ ಸತ್ತ ಹುಳು ಇಳಿಯುವುದಿಲ್ಲ. ಮಣ್ಣು ಶುದ್ಧವಾಗಿದೆ ಅಂತ ಚೀಟಿ ನಿಮ್ಮ ಕೈಗೆ ಬರುತ್ತದೆ.