ಹರಿಯದ, ನಿಲ್ಲದ ಎಲೆಕ್ಟ್ರಾನ್

ಅಪ್ಪಟ ಹರಳಿನಲ್ಲಿ ಎಲೆಕ್ಟ್ರಾನ್ ಅಲೆಯಾಗಿ ಉದ್ದಗಲಕ್ಕೂ ಹರಡಿಕೊಂಡಿರುತ್ತದೆ. ಕಲಬೆರಕೆ ಜಾಸ್ತಿಯಾದರೆ? ಅಲ್ಲಲ್ಲಿ ಡಿಕ್ಕಿ ಹೊಡೆದು ನಿಧಾನವಾಗುತ್ತದೆ, ಅಷ್ಟೇ ಎಂದು ಎಲ್ಲರೂ ಅಂದುಕೊಂಡಿದ್ದರು. 1958ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಫಿಲಿಪ್ ಆಂಡರ್ಸನ್ ಬೇರೆಯೇ ಲೆಕ್ಕ ಮುಂದಿಟ್ಟರು. ಅಡ್ಡಾದಿಡ್ಡಿತನ ಒಂದು ಮಿತಿ ದಾಟಿದರೆ ಎಲೆಕ್ಟ್ರಾನ್ ನಿಧಾನವಾಗುವುದಿಲ್ಲ, ನಿಂತೇಬಿಡುತ್ತದೆ. ಚದುರಿದ ಅಲೆಗಳು ಒಂದನ್ನೊಂದು ಅಳಿಸಿಹಾಕಿ, ಅದನ್ನು ಒಂದು ಮೂಲೆಗೆ ಕಟ್ಟಿಹಾಕುತ್ತವೆ. ಮೊದಮೊದಲು ಇದನ್ನು ಹೆಚ್ಚು ಜನ ತಲೆಗೆ ಹಚ್ಚಿಕೊಳ್ಳಲಿಲ್ಲ. 1977ರಲ್ಲಿ ಆಂಡರ್ಸನ್‌ಗೆ ನೊಬೆಲ್ ಬಂತು.

1979ರಲ್ಲಿ ಅವರೂ ಇನ್ನು ಮೂವರೂ ಸೇರಿ ಬರೆದ ಲೇಖನ ದಿಕ್ಕನ್ನೇ ಬದಲಿಸಿತು. ಆ ನಾಲ್ವರಲ್ಲಿ ಒಬ್ಬರು ಟಿ. ವಿ. ರಾಮಕೃಷ್ಣನ್. ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಆದವರು. ಹರಿಯುವ ಸ್ಥಿತಿಗೂ ನಿಲ್ಲುವ ಸ್ಥಿತಿಗೂ ನಡುವೆ ಮೂರು ಆಯಾಮದಲ್ಲಿ ಒಂದು ಗಡಿ ಇದೆ ಎಂದು ಅವರ ಲೆಕ್ಕ ತೋರಿಸಿತು.

ಸರಿ, ಆ ಗಡಿಯ ಮೇಲೇ ನಿಂತ ಎಲೆಕ್ಟ್ರಾನ್ ಹೇಗಿರುತ್ತದೆ? ನನಗೆ ಇಡೀ ಕತೆಯಲ್ಲಿ ಸ್ವಾರಸ್ಯ ಇರುವುದು ಇಲ್ಲೇ. 1980ರಲ್ಲಿ ಜರ್ಮನಿಯ ಫ್ರಾನ್ಸ್ ವೆಗ್ನರ್ ಇದರ ಲೆಕ್ಕ ಹಾಕಿದರು. ಹರಳಿನ ಪ್ರತಿ ಜಾಗದಲ್ಲೂ ಎಲೆಕ್ಟ್ರಾನ್ ಸಿಗುವ ಸಂಭವವನ್ನು ವರ್ಗ ಮಾಡಿ ಕೂಡಿ. ಈಗ ಹರಳಿನ ಪ್ರತಿ ಬದಿಯನ್ನೂ ಎರಡು ಪಟ್ಟು ಮಾಡಿ. ಎಲೆಕ್ಟ್ರಾನ್ ಎಲ್ಲೆಡೆ ಹರಡಿದ್ದರೆ ಮೊತ್ತ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಂದೇ ಕಡೆ ಕೂತಿದ್ದರೆ ಇಳಿಯುವುದೇ ಇಲ್ಲ. ಗಡಿಯಲ್ಲಿ? ಎರಡೂವರೆಯಲ್ಲಿ ಒಂದು ಪಾಲಿನ ಆಸುಪಾಸು. ಎಂಟು ಅಂದರೆ ಎರಡರ ಮೂರನೇ ಘಾತ, ಒಂದು ಅಂದರೆ ಎರಡರ ಸೊನ್ನೆಯ ಘಾತ; ಈ ಘಾತವೇ ಇಲ್ಲಿ ಆಯಾಮ. ಗಡಿಯಲ್ಲಿ ಅದು ಮೂರೂ ಅಲ್ಲ, ಸೊನ್ನೆಯೂ ಅಲ್ಲ, ಸುಮಾರು 1.3.

ಹಾಗಾದರೆ ಫ್ರಾಕ್ಟಲ್ (ಎಷ್ಟು ಹಿಗ್ಗಿಸಿ ನೋಡಿದರೂ ಅದೇ ಬಗೆಯ ಏರುಪೇರು ಕಾಣುವ ಆಕಾರ) ಅಂದುಬಿಟ್ಟರೆ ಆಯ್ತಲ್ವಾ? ಆಗಲಿಲ್ಲ. ವರ್ಗದ ಬದಲು ಘನ ಮಾಡಿ ಕೂಡಿದರೆ ಇನ್ನೊಂದು ಆಯಾಮ ಬರುತ್ತದೆ. ಮಳೆಯ ನಕ್ಷೆಯಲ್ಲಿ ಜಡಿಮಳೆ ಬಿದ್ದ ಜಾಗಗಳನ್ನಷ್ಟೇ ಗುರುತಿಸಿದರೆ ಒಂದು ಚಿತ್ರ, ತುಂತುರು ಬಿದ್ದ ಜಾಗಗಳನ್ನು ಗುರುತಿಸಿದರೆ ಬೇರೆ ಚಿತ್ರ ಬರುತ್ತದಲ್ಲ, ಹಾಗೆ. ಒಂದೇ ಅಲೆಯೊಳಗೆ ಫ್ರಾಕ್ಟಲ್‌ಗಳ ಸಾಲೇ ಇದೆ. ‘ಮಲ್ಟಿಫ್ರಾಕ್ಟಲ್’ ಎಂಬ ಯೋಚನೆ ಅದಾಗಲೇ ಸುಳಿಸುಳಿಯಾಗಿ ಹರಿಯುವ ನೀರು, ಗಾಳಿಯ ಅಧ್ಯಯನದಲ್ಲಿ ಬೆಳೆದಿತ್ತು. 1986ರಲ್ಲಿ ಇಟಲಿಯ ಕಾಸ್ಟೆಲಾನಿ ಮತ್ತು ಪೆಲಿಟಿ ಅದನ್ನು ನೇರವಾಗಿ ಎಲೆಕ್ಟ್ರಾನ್ ಅಲೆಗೆ ಅನ್ವಯಿಸಿದರು.

ಇಷ್ಟೆಲ್ಲ ಕಾಗದದ ಮೇಲೆ, ಕಂಪ್ಯೂಟರಿನಲ್ಲಿ. ಕಣ್ಣಾರೆ ನೋಡಲು ಇನ್ನೂ ಎರಡು ದಶಕ ಬೇಕಾಯಿತು. ತಮಾಷೆಯೆಂದರೆ 2009ರಲ್ಲಿ ಅದು ಕಾಣಿಸಿದ್ದು ಎಲೆಕ್ಟ್ರಾನ್‌ನಲ್ಲಲ್ಲ, ಶಬ್ದದಲ್ಲಿ! ಸುಮಾರು 4 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಗುಂಡುಗಳನ್ನು ಅಡ್ಡಾದಿಡ್ಡಿಯಾಗಿ ಬೆಸೆದು, ಒಂದು ಕಡೆಯಿಂದ ಅಲ್ಟ್ರಾಸೌಂಡ್ ಬಿಟ್ಟು, ಇನ್ನೊಂದು ಕಡೆ ಎಲ್ಲೆಲ್ಲಿ ಎಷ್ಟೆಷ್ಟು ಹೊರಬರುತ್ತದೆಂದು ಅಳೆದರು. ಅಲೆ ಯಾವುದಾದರೇನು, ಸಿಕ್ಕಿಬೀಳುವ ರೀತಿ ಒಂದೇ.

ಮರುವರ್ಷ ಪ್ರಿನ್ಸ್‌ಟನ್‌ನ ಅಲಿ ಯಜ್ದಾನಿ ತಂಡ ಮ್ಯಾಂಗನೀಸ್ ಬೆರೆಸಿದ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಮೇಲೆ, ಪರಮಾಣುಗಳ ಮಟ್ಟದಲ್ಲಿ ಮೇಲ್ಮೈ ತಡವುವ ಟನೆಲಿಂಗ್ ಮೈಕ್ರೊಸ್ಕೋಪಿನ ಸೂಜಿಮೊನೆ ಆಡಿಸಿತು. ಎಲೆಕ್ಟ್ರಾನ್ ಅಲೆಯ ಏರುಪೇರು ನಕ್ಷೆಯಾಗಿ ಮೂಡಿತು. ಜೊತೆಗೆ ಹೊಸ ತಲೆನೋವೂ ಬಂತು. ಆಂಡರ್ಸನ್ ಲೆಕ್ಕದಲ್ಲಿ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುವುದಿಲ್ಲ. ನಕ್ಷೆಯ ವಿನ್ಯಾಸವೋ ಫರ್ಮಿ ಶಕ್ತಿಯ, ಅಂದರೆ ಎಲೆಕ್ಟ್ರಾನ್‌ಗಳು ತುಂಬಿಕೊಂಡಿರುವ ಶಕ್ತಿಯ ಮೇಲ್ಮಟ್ಟದ, ಹತ್ತಿರವೇ ಎದ್ದು ಕಂಡಿತು. ಅದು ಆ ತಳ್ಳಾಟದ ಕಡೆಗೇ ಬೆರಳು ಮಾಡುತ್ತದೆ. ಅಡ್ಡಾದಿಡ್ಡಿತನವನ್ನೂ ತಳ್ಳಾಟವನ್ನೂ ಒಟ್ಟಿಗೆ ಹಿಡಿದಿಡುವ ಪೂರ್ತಿ ಲೆಕ್ಕ ಇನ್ನೂ ಕೈಗೆ ಸಿಕ್ಕಿಲ್ಲ.