ಹುಳ ಸಿಕ್ಕಿತು, ನಗು ಕಳೆದುಹೋಯಿತು

1947ರ ಸೆಪ್ಟೆಂಬರ್ 9, ಮಧ್ಯಾಹ್ನ ಮೂರೂಮುಕ್ಕಾಲು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಕಂಪ್ಯೂಟರ್ ತಪ್ಪು ಲೆಕ್ಕ ಮಾಡುತ್ತಿತ್ತು. ಕೋಣೆ ತುಂಬ ಹರಡಿಕೊಂಡಿದ್ದ ಯಂತ್ರ ಅದು. ಒಳಗೆಲ್ಲ ರಿಲೇಗಳು, ಅಂದರೆ ಅಯಸ್ಕಾಂತದ ಬಲದಿಂದ ಟಪಟಪ ಅಂತ ತೆರೆದು ಮುಚ್ಚುವ ಸ್ವಿಚ್‌ಗಳು. ಹುಡುಕಿದಾಗ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ತೆಗೆದವರು ಅದನ್ನು ಬಿಸಾಡಲಿಲ್ಲ. ಲಾಗ್ ಪುಸ್ತಕದ ಆ ದಿನದ ಪುಟಕ್ಕೆ ಟೇಪ್ ಹಾಕಿ ಅಂಟಿಸಿದರು. ಕೆಳಗೆ ಒಂದು ಸಾಲು ಬರೆದರು: ‘ಬಗ್ ನಿಜವಾಗಿ ಸಿಕ್ಕ ಮೊದಲ ಪ್ರಕರಣ.’ ಬಗ್ ಅಂದರೆ ಇಂಗ್ಲಿಷಿನಲ್ಲಿ ಹುಳ.

ಆ ಪುಟ ಪತಂಗದ ಸಮೇತ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ‘ಕಂಪ್ಯೂಟರ್ ತಪ್ಪಿಗೆ ಬಗ್ ಅನ್ನೋ ಹೆಸರು ಬಂದದ್ದೇ ಇದರಿಂದ’ ಎಂದು ಮೇಷ್ಟ್ರುಗಳು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಹಾಗೇನಿಲ್ಲ. ಎಡಿಸನ್ 1878ರಲ್ಲೇ ತನ್ನ ಪತ್ರವೊಂದರಲ್ಲಿ ಯಂತ್ರದ ಸಣ್ಣಪುಟ್ಟ ದೋಷಗಳಿಗೆ ‘ಬಗ್’ ಎಂದಿದ್ದ. ಹಾರ್ವರ್ಡ್‌ನವರಿಗೂ ಅದು ದಿನಬಳಕೆಯ ಮಾತು. ಅದಕ್ಕೇ ಆ ಸಾಲಿನಲ್ಲಿ ‘ನಿಜವಾಗಿ’ ಅನ್ನೋ ಪದ ಇರೋದು. ನಾವು ‘ತಲೆಗೆ ಹುಳ ಬಿಟ್ಟ’ ಅಂತೀವಲ್ಲ, ಒಂದು ದಿನ ಯಾರದೋ ತಲೆಯಿಂದ ನಿಜಕ್ಕೂ ಒಂದು ಹುಳ ಉದುರಿದರೆ ಹೇಗೆ? ಅದೇ ನಗು ಇದು. ಆ ತಂಡದಲ್ಲಿದ್ದ ಗಣಿತಜ್ಞೆ ಗ್ರೇಸ್ ಹಾಪರ್ ಈ ಪ್ರಸಂಗವನ್ನು ಭಾಷಣಗಳಲ್ಲಿ ಹೇಳಿ ಹೇಳಿ ಪ್ರಸಿದ್ಧ ಮಾಡಿದರು. ಹಾಗೆ ಹೇಳುತ್ತಾ ಹೋದಂತೆ ಹುಳ ಹಿಡಿದದ್ದೂ ಅವರೇ ಅಂತಾಯಿತು. ಅದೂ ಸುಳ್ಳು.

ಕಂಪ್ಯೂಟರ್ ಜನರ ಜಾನಪದಕ್ಕೆ ಇಂಥದ್ದೊಂದು ಹಣೆಬರಹವೇ ಇದೆ ಎಂದು ನನಗೆ ಅನ್ನಿಸುತ್ತದೆ. ತಮಾಷೆ ಬಹಳ ದಿನ ತಮಾಷೆಯಾಗಿ ಉಳಿಯೋದಿಲ್ಲ. ಯಾರೋ ಅದನ್ನು ನಿಜ ಅಂದುಕೊಳ್ಳುತ್ತಾರೆ. ಇಲ್ಲವೇ ಯಾರೋ ಕೂತು ಅದನ್ನು ನಿಜ ಮಾಡಿಬಿಡುತ್ತಾರೆ.

ಈ ಜಾನಪದದ ತೊಟ್ಟಿಲು ಒಂದು ಆಟಿಕೆ ರೈಲಿನ ಕ್ಲಬ್ಬು. ಬಾಸ್ಟನ್ ಪಕ್ಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲಿ, ಯುದ್ಧಕಾಲದಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದ 20ನೇ ಕಟ್ಟಡದಲ್ಲಿ ಅದು ಇತ್ತು. ಕೆಲವು ಹುಡುಗರಿಗೆ ಮೇಜಿನ ಮೇಲಿನ ಪುಟಾಣಿ ಊರು, ಬೆಟ್ಟ, ಬೋಗಿ ಮುಖ್ಯ. ಇನ್ನು ಕೆಲವರಿಗೆ ಮೇಜಿನ ಕೆಳಗಿನ ವೈರುಗಳು, ಟೆಲಿಫೋನ್ ಕಂಪನಿಯಿಂದ ಬಂದ ರಿಲೇಗಳು. ಕೆಳಗಿನವರೇ ಮುಂದೆ ರಾತ್ರಿಯೆಲ್ಲ ಕೂತು ಟಿಎಕ್ಸ್-0, ಪಿಡಿಪಿ-1 ಎಂಬ ಕಂಪ್ಯೂಟರ್‌ಗಳ ಮೇಲೆ ಬಿದ್ದವರು. 1959ರಲ್ಲಿ ಅವರಲ್ಲೊಬ್ಬ, ಪೀಟರ್ ಸ್ಯಾಮ್ಸನ್, ಕ್ಲಬ್ಬಿನ ಆಡುಮಾತುಗಳ ನಿಘಂಟು ಬರೆದ. ಅದರಲ್ಲಿ ‘ಹ್ಯಾಕ್’ ಪದಕ್ಕೆ ಕೊಟ್ಟ ಮೊದಲ ಅರ್ಥ: ಉಪಯುಕ್ತ ಉದ್ದೇಶ ಇಲ್ಲದೆ ಮಾಡಿದ ಕೆಲಸ. ಎರಡನೆಯದು: ತನಗೆ ತಾನೇ ಕೊಟ್ಟುಕೊಂಡ ಕೆಟ್ಟ ಸಲಹೆಯಂತೆ ಕೈಹಾಕಿದ ಯೋಜನೆ.

ಆ ಕೋಣೆಯ ಸುತ್ತ ಅಲ್ಲಲ್ಲಿ ತುರ್ತು ಸ್ವಿಚ್‌ಗಳಿದ್ದವು. ರೈಲು ಎಲ್ಲಿಗಾದರೂ ಗುದ್ದುತ್ತೆ ಅನ್ನಿಸಿದರೆ ಹತ್ತಿರದವರು ಪಟ್ಟನೆ ಹೊಡೆಯಬೇಕು. ಹೊಡೆದರೆ ಗೋಡೆಯ ಡಿಜಿಟಲ್ ಗಡಿಯಾರ ನಿಲ್ಲುತ್ತಿತ್ತು. ಸಮಯದ ಜಾಗದಲ್ಲಿ ‘ಫೂ’ ಎಂದು ಕಾಣಿಸುತ್ತಿತ್ತು. ಫೂ ಅಂದರೇನು? ಏನೂ ಇಲ್ಲ. 1930ರ ದಶಕದ ಕಾಮಿಕ್ಸ್ ಒಂದರಲ್ಲಿ ಗೋಡೆ, ಬೋರ್ಡು, ನಂಬರ್ ಪ್ಲೇಟು ಎಲ್ಲದರ ಮೇಲೂ ಸುಮ್ನೆ ಬರೆದಿರುತ್ತಿದ್ದ ಪದ ಅದು. ಅದಕ್ಕೆ ‘ಪೂರ್ತಿ ಹಾಳಾಗಿಹೋಗಿದೆ’ ಎಂಬ ಅರ್ಥದ ಒಂದು ಮಿಲಿಟರಿ ಬೈಗುಳ ಬೆರೆತು ‘ಫೂ, ಬಾರ್’ ಜೋಡಿಯಾಯಿತು ಎನ್ನುತ್ತಾರೆ. ಪ್ರೋಗ್ರಾಮಿನ ಉದಾಹರಣೆಗಳಲ್ಲಿ ಯಾವುದಕ್ಕಾದರೂ ಸುಮ್ನೆ ಇಡುವ ಹೆಸರುಗಳು ಇವು.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಫೂ, ಬಾರ್ ಎಂದು ಬರೆದೇ ಪಾಠ ಶುರುಮಾಡುತ್ತಿದ್ದರು. ಅರ್ಥ ಯಾರೂ ಕೇಳಲಿಲ್ಲ. ಏನೋ ಘನವಾದ ವಿಷಯ ಅಂದುಕೊಂಡು ಪರೀಕ್ಷೆಯಲ್ಲೂ ಹಾಗೇ ಬರೆದೆವು. ಅದು ಒಂದು ಆಟಿಕೆ ರೈಲು ಹಳಿ ತಪ್ಪಿದ ಸುದ್ದಿ ಎಂದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು.

ಎಂಐಟಿಯವರ ನಗುವಿನಲ್ಲಿ ಸ್ವಲ್ಪ ಲೋಕಜ್ಞಾನವೂ ಇತ್ತು. ಅವರ ಕಂಪ್ಯೂಟರ್ ವ್ಯವಸ್ಥೆಯನ್ನು ಕೆಡವೋದೇ ಕೆಲವು ಹುಡುಗರಿಗೆ ಶೌರ್ಯ ಅನ್ನಿಸಿತ್ತು. ಅದಕ್ಕೆ ಬೀಗ ಹಾಕುವ ಬದಲು, ಯಾರು ಬೇಕಾದರೂ ಕೊಟ್ಟು ಇಡೀ ಯಂತ್ರ ನಿಲ್ಲಿಸಬಹುದಾದ ಆಜ್ಞೆಯನ್ನೇ ಅದರಲ್ಲಿ ಸೇರಿಸಿಟ್ಟರು. ಬೀಗವೇ ಇಲ್ಲದ ಮನೆಗೆ ಕನ್ನ ಹಾಕಿ ಏನು ಸುಖ?

ಅಲ್ಲಿಯದೇ ಇನ್ನೊಂದು ಕಥೆ, ಅಲ್ಲೇ ಇದ್ದ ಗೈ ಸ್ಟೀಲ್ ಎಂಬ ಹ್ಯಾಕರ್ ಹೇಳಿದ್ದು. ಪ್ರಯೋಗಾಲಯದ ಪಿಡಿಪಿ-10 ಯಂತ್ರದ ಬೀರುವಿನ ಮೇಲೆ ಯಾರೋ ಅಂಟಿಸಿದ್ದ ಪುಟ್ಟ ಸ್ವಿಚ್ಚು ಅವರ ಕಣ್ಣಿಗೆ ಬಿತ್ತು. ಒಂದು ಕಡೆ ಪೆನ್ಸಿಲ್‌ನಲ್ಲಿ ‘ಮಾಯೆ’, ಇನ್ನೊಂದು ಕಡೆ ‘ಇನ್ನೂ ಜಾಸ್ತಿ ಮಾಯೆ’. ಸ್ವಿಚ್ಚು ಜಾಸ್ತಿ ಮಾಯೆಯ ಕಡೆಗಿತ್ತು. ಹಿಂದೆ ನೋಡಿದರೆ ಒಂದೇ ಒಂದು ವೈರು. ಅದರ ಇನ್ನೊಂದು ತುದಿ ಯಂತ್ರದೊಳಗಿನ ವೈರುಗಳ ಗೋಜಲಿಗೆ. ಎರಡು ವೈರಿಲ್ಲದೆ ಸ್ವಿಚ್ಚು ಏನೂ ಮಾಡಲಾರದು, ಇದು ಮಕ್ಕಳಿಗೂ ಗೊತ್ತು. ನಗುತ್ತಾ ಒತ್ತಿದರು. ಕಂಪ್ಯೂಟರ್ ಧಡಕ್ಕನೆ ನಿಂತಿತು. ಕಾಕತಾಳೀಯ ಅಂದುಕೊಂಡರೂ, ಮತ್ತೆ ಶುರುಮಾಡುವ ಮುಂಚೆ ಸ್ವಿಚ್ಚನ್ನು ಮಾತ್ರ ಮೊದಲಿನ ಜಾಗಕ್ಕೇ ತಂದಿಟ್ಟರು. ವರ್ಷದ ಮೇಲೆ ಇನ್ನೊಬ್ಬರಿಗೆ ಈ ಕಥೆ ಹೇಳಿದರೆ ಅವರು ನಂಬಲಿಲ್ಲ. ತೋರಿಸೋಣ ಎಂದು ಮತ್ತೆ ಒತ್ತಿದರು. ಮತ್ತೆ ನಿಂತಿತು! ಕೊನೆಗೆ ರಿಚರ್ಡ್ ಗ್ರೀನ್‌ಬ್ಲಾಟ್ ಎಂಬ ಹಳೇ ಹುಲಿ ಬಂದು ವೈರ್ ಕತ್ತರಿಸಿ ತೆಗೆದ. ಆಮೇಲೆ ಏನೂ ತೊಂದರೆಯಾಗಲಿಲ್ಲ. ಸ್ವಿಚ್ಚಿನ ಲೋಹದ ಮೈ ಬೀರುವಿಗೆ ತಾಗಿ ಎಲ್ಲೋ ವಿದ್ಯುತ್ತಿನ ಏರುಪೇರು ಆಗಿರಬಹುದು ಎಂಬುದು ಒಂದು ಊಹೆ. ಸ್ಟೀಲ್ ಆ ಸ್ವಿಚ್ಚನ್ನು ಮನೆಗೆ ಒಯ್ದರು. ಜಾಸ್ತಿ ಮಾಯೆಯ ಕಡೆಗೇ ಇಟ್ಟಿರುತ್ತೇನೆ ಎಂದು ಬರೆದಿದ್ದಾರೆ.

ನಮ್ಮಲ್ಲೂ ಒಂದು ಕಥೆ ಇದೆಯಲ್ಲ. ಅಪ್ಪ ಶ್ರಾದ್ಧದ ದಿನ ಕಾಟ ಕೊಡುತ್ತಿದ್ದ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದ. ಅಪ್ಪ ಸತ್ತ ಮೇಲೆ ಮಗ ಶ್ರಾದ್ಧಕ್ಕೆಂದೇ ಬೆಕ್ಕು ಹುಡುಕಿಕೊಂಡು ಊರೆಲ್ಲ ಅಲೆದ. ‘ಓಡ್ತಾ ಇದೆಯಲ್ಲ, ಆ ಸಾಲು ಮುಟ್ಟಬೇಡ ಮಾರಾಯ’ ಎಂದು ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ದಿನಾ ಕೇಳಿಬರುವ ಮಾತಿನ ಹಿಂದೆಯೂ ಇಂಥದ್ದೇ ಒಂದು ಬೆಕ್ಕು ಕೂತಿರುತ್ತದೆ.

ಈ ಜಾನಪದಕ್ಕೂ ಒಬ್ಬ ವೀರ ಬೇಕಲ್ಲ. ಅವನ ಹೆಸರು ಮೆಲ್ ಕೇ. 1983ರ ಮೇ 21ರಂದು ಎಡ್ ನೇಥರ್ ಎಂಬುವರು, ಅಷ್ಟರಲ್ಲಿ ಖಗೋಳ ವಿಜ್ಞಾನಿಯಾಗಿದ್ದವರು, ತಮ್ಮ ಹಳೇ ಸಹೋದ್ಯೋಗಿಯ ನೆನಪನ್ನು, ಕಂಪ್ಯೂಟರ್ ಮಂದಿ ಬರೆದು ಚರ್ಚಿಸುತ್ತಿದ್ದ ಯೂಸ್‌ನೆಟ್ ಜಾಲದಲ್ಲಿ ಹಾಕಿದರು. ಇಬ್ಬರೂ ರಾಯಲ್ ಮ್ಯಾಕ್‌ಬೀ ಕಂಪನಿಯಲ್ಲಿದ್ದವರು. ಆಗಿನ ಮೆಮೊರಿ ಅಂದರೆ ಗಿರಗಿರ ತಿರುಗುವ ಒಂದು ಡ್ರಮ್ಮು. ಜಾತ್ರೆಯ ತೊಟ್ಟಿಲು ನೆನೆಸಿಕೊಳ್ಳಿ. ನಿಮ್ಮ ತೊಟ್ಟಿಲು ಕೆಳಗೆ ಬಂದಾಗ ಹತ್ತದಿದ್ದರೆ ಇನ್ನೊಂದು ಸುತ್ತು ಕಾಯಬೇಕು. ಕಂಪ್ಯೂಟರ್‌ಗೂ ಅಷ್ಟೇ. ಮುಂದಿನ ಆಜ್ಞೆ ಇರುವ ಜಾಗ ತಪ್ಪಿಹೋದರೆ ಡ್ರಮ್ಮು ಪೂರ್ತಿ ತಿರುಗಿ ಬರುವವರೆಗೂ ಸುಮ್ಮನಿರಬೇಕು. ಮೆಲ್ ಪ್ರತಿ ಆಜ್ಞೆಯನ್ನೂ ಲೆಕ್ಕ ಹಾಕಿ, ಹಿಂದಿನದು ಮುಗಿಯೋ ಹೊತ್ತಿಗೆ ಮುಂದಿನದು ಸರಿಯಾಗಿ ಎದುರಿಗೆ ಬರುವಂತೆ ಇಡುತ್ತಿದ್ದ. ಈ ಕೆಲಸ ಮಾಡಿಕೊಡುವ ಪ್ರೋಗ್ರಾಮೇ ಇತ್ತು. ಮೆಲ್ ಅದನ್ನು ಮೂಸಿಯೂ ನೋಡಲಿಲ್ಲ. ಅದು ಯಾವುದನ್ನು ಎಲ್ಲಿಡುತ್ತೋ ಯಾರಿಗೆ ಗೊತ್ತು, ಅನ್ನೋದು ಅವನ ವಾದ.

ಅವನು ಬರೆದ ಇಸ್ಪೀಟ್ ಆಟವೊಂದು ಗಿರಾಕಿಗಳಿಗೆ ಬಹಳ ಹಿಡಿಸಿತ್ತು. ಕೆಲವೊಮ್ಮೆ ಕಂಪ್ಯೂಟರೇ ಗೆದ್ದು ಗಿರಾಕಿ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದ. ಸ್ವಿಚ್ಚು ಒತ್ತಿದರೆ ಗಿರಾಕಿಯೇ ಗೆಲ್ಲುವ ಹಾಗೆ ಮಾಡು ಎಂದಿತು ಮಾರಾಟ ವಿಭಾಗ. ಅದು ಮೋಸ ಎಂದು ಮೆಲ್ ಒಪ್ಪಲಿಲ್ಲ. ಒತ್ತಾಯ ಜಾಸ್ತಿಯಾದಾಗ ಬರೆದುಕೊಟ್ಟ. ಆದರೆ ಸ್ವಿಚ್ಚು ಒತ್ತಿದೆಯೇ ಎಂದು ನೋಡುವ ಸಾಲು ತಿರುಗುಮುರುಗಾಗಿತ್ತು. ಸ್ವಿಚ್ಚು ಒತ್ತಿದರೆ ಕಂಪ್ಯೂಟರೇ ಮೋಸ ಮಾಡಿ ಪ್ರತಿ ಸಲವೂ ಗೆಲ್ಲುತ್ತಿತ್ತು. ಮೆಲ್‌ಗೆ ಖುಷಿಯೋ ಖುಷಿ. ತನ್ನ ಒಳಮನಸ್ಸೇ ಪ್ರಾಮಾಣಿಕ ಅಂದುಕೊಂಡ. ತಿದ್ದಲು ಒಪ್ಪಲಿಲ್ಲ.

ಅವನು ಕೆಲಸ ಬಿಟ್ಟ ಮೇಲೆ ಆ ತಪ್ಪು ಹುಡುಕುವ ಕೆಲಸ ನೇಥರ್ ಪಾಲಿಗೆ ಬಂತು. ಓದುತ್ತಾ ಹೋದರೆ ಒಂದು ಲೂಪ್ ಸಿಕ್ಕಿತು. ಸುತ್ತುತ್ತಲೇ ಇರುವ ಆಜ್ಞೆಗಳು, ನಿಲ್ಲಿಸುವ ಸಾಲೇ ಇಲ್ಲ. ಲೆಕ್ಕದ ಪ್ರಕಾರ ಅದು ಜನ್ಮಪೂರ್ತಿ ಸುತ್ತಬೇಕು. ಆದರೆ ಸುತ್ತುತ್ತಿರಲಿಲ್ಲ. ಗುಟ್ಟು ಬಿಡಿಸಲು ಎರಡು ವಾರ ಹಿಡಿಯಿತು. ಮೆಲ್ ತನ್ನ ದತ್ತಾಂಶವನ್ನು ಮೆಮೊರಿಯ ಕಟ್ಟಕಡೆಯ ಜಾಗಗಳಲ್ಲಿ ಇಟ್ಟಿದ್ದ. ಪ್ರತಿ ಸುತ್ತಿಗೂ ಆಜ್ಞೆಯೊಳಗಿನ ವಿಳಾಸ ಒಂದೊಂದೇ ಹೆಚ್ಚುತ್ತಿತ್ತು. ಕೊನೆಯ ಜಾಗ ದಾಟಿದೊಡನೆ ಅಂಕಿ ಉಕ್ಕಿ, ‘ಕೈಗೆ ಒಂದು’ ಪಕ್ಕದ ಮನೆಗೆ ಹೋಗಿ, ಆ ಆಜ್ಞೆಯೇ ಬೇರೆ ಆಜ್ಞೆಯಾಗುತ್ತಿತ್ತು. ‘ಸೊನ್ನೆಯ ಜಾಗಕ್ಕೆ ಜಿಗಿ’ ಎಂಬ ಆಜ್ಞೆ. ಮುಂದಿನ ಕೆಲಸ ಅಲ್ಲೇ ಕಾಯುತ್ತಾ ಇತ್ತು. ನೇಥರ್ ಬಾಸ್ ಹತ್ತಿರ ಹೋಗಿ, ತಪ್ಪು ಸಿಗಲಿಲ್ಲ ಸಾರ್ ಎಂದರಂತೆ.

ಈ ಕಥೆ ಓಡಾಡಿದ ರೀತಿಯೂ ಜಾನಪದದ್ದೇ. ನೇಥರ್ ಬರೆದದ್ದು ನೇರ ಗದ್ಯ. ಕೈಯಿಂದ ಕೈಗೆ ಹೋಗುವಾಗ ಯಾರೋ ಸಾಲು ಮುರಿದರು, ಅದು ನವ್ಯ ಕವಿತೆಯ ಹಾಗಾಯಿತು. ಇವತ್ತು ಎಲ್ಲರೂ ಓದೋದು ಆ ಪದ್ಯವನ್ನೇ. ನೆಟ್‌ನಲ್ಲೇ ಅದು ಹ್ಯಾಕ್ ಆಗಿದೆ, ಅದೇ ಸರಿ ಅನ್ನಿಸುತ್ತೆ ಎಂದು ನೇಥರ್ ಕೂಡ ಒಪ್ಪಿಕೊಂಡರು.

ಇವನ್ನೆಲ್ಲ ಕೂಡಿಹಾಕುವ ಕೆಲಸ 1975ರಲ್ಲೇ ಶುರುವಾಗಿತ್ತು. ಸ್ಟ್ಯಾನ್‌ಫೋರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಒಂದು ಪದಪಟ್ಟಿ ತೆರೆದರು. ಮರುವರ್ಷ ಅದು ಎಂಐಟಿಗೂ ಹೋಯಿತು. ಎರಡೂ ಕಡೆಯವರು ಸೇರಿಸುತ್ತಾ ಹೋದರು. ಅದೇ ‘ಜಾರ್ಗನ್ ಫೈಲ್’. 1983ರಲ್ಲಿ ಪುಸ್ತಕವೂ ಆಯಿತು, ಹ್ಯಾಕರ್‌ಗಳ ನಿಘಂಟು ಎಂಬ ಹೆಸರಿನಲ್ಲಿ. ಗ್ರಹಚಾರ ನೋಡಿ, ಅದೇ ವರ್ಷ ಮಿಲ್ವಾಕಿಯ ಕೆಲವು ಹುಡುಗರು ಅಣ್ವಸ್ತ್ರ ಪ್ರಯೋಗಾಲಯವಿರುವ ಲಾಸ್ ಅಲಮೋಸ್‌ನ ಕಂಪ್ಯೂಟರ್‌ಗೆ ನುಗ್ಗಿ ಸಿಕ್ಕಿಬಿದ್ದರು. ಪತ್ರಿಕೆಗಳಿಗೆ ಹ್ಯಾಕರ್ ಅಂದರೆ ಕಳ್ಳ ಅಂತಾಯಿತು. ಕನ್ನಡದಲ್ಲೂ ‘ಅಕೌಂಟ್ ಹ್ಯಾಕ್ ಆಗಿದೆ’ ಅಂದರೆ ಒಂದೇ ಅರ್ಥ ಈಗ. ರೈಲಿನ ಹುಡುಗರ ಪದವನ್ನು ವಾಪಸ್ ತರಲು ನಡೆದ ಪ್ರಯತ್ನಗಳು ಒಂದೂ ಫಲಿಸಲಿಲ್ಲ. 1991ರಲ್ಲಿ ಎರಿಕ್ ರೇಮಂಡ್ ಫೈಲನ್ನು ತಿದ್ದಿ ಬೆಳೆಸಿ ಹೊಸ ಪುಸ್ತಕ ಮಾಡಿದರು. ಹಳಬರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. ನಮ್ಮ ಮಾತಿನ ಜಾಗದಲ್ಲಿ ಯುನಿಕ್ಸ್ ಎಂಬ ಬೇರೆ ಕಂಪ್ಯೂಟರ್ ವ್ಯವಸ್ಥೆಯ ಜನರ ಮಾತು ತುಂಬಿದ್ದಾನೆ ಎಂದು ಗೊಣಗಿದರು. ನಿಘಂಟು ಅಂದಮೇಲೆ ಜಗಳ ಇಲ್ಲದಿರುತ್ತದೆಯೇ?

ತಮಾಷೆ ಎಂದು ತಿಳಿಯದೆ ಆದ ಗೊಂದಲದಿಂದ ಲೋಕಕ್ಕೆ ಒಂದು ಲಾಭವೂ ಆಯಿತು. 1982ರ ಸೆಪ್ಟೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಮಂದಿ ತಮ್ಮ ಆನ್‌ಲೈನ್ ಬೋರ್ಡಿನಲ್ಲಿ ಒಂದು ಒಗಟಿನ ಬಗ್ಗೆ ಹರಟುತ್ತಿದ್ದರು. ಹಗ್ಗ ಕಡಿದು ಬೀಳುತ್ತಿರುವ ಲಿಫ್ಟಿನಲ್ಲಿ ಉರಿಯುವ ಮೇಣದಬತ್ತಿ, ಒಂದು ತೊಟ್ಟು ಪಾದರಸ ಇದ್ದರೆ ಅವು ಏನಾಗುತ್ತವೆ? ಒಬ್ಬರು ಎಚ್ಚರಿಕೆಯ ಧಾಟಿಯಲ್ಲೇ ಬರೆದರು: ಭೌತಶಾಸ್ತ್ರದ ಪ್ರಯೋಗದಿಂದ ಎಡಗಡೆಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಸ್ವಲ್ಪ ಬೆಂಕಿಯೂ ತಗುಲಿದೆ. ಹಿಂದಿನ ಮಾತು ಓದದವರು ನಂಬಿದರು. ಹಾಗಾದರೆ ತಮಾಷೆಗೆ ಒಂದು ಗುರುತು ಬೇಕು ಎಂದು ಚರ್ಚೆ ಶುರುವಾಯಿತು. ನಕ್ಷತ್ರ ಚಿಹ್ನೆ, ಶೇಕಡಾ ಚಿಹ್ನೆ, ಒಂದೊಂದಕ್ಕೂ ವಕೀಲರು. 19ನೇ ತಾರೀಕು ಬೆಳಗ್ಗೆ 11.44ಕ್ಕೆ ಸ್ಕಾಟ್ ಫಾಲ್ಮನ್ ಬರೆದರು: ಕೋಲನ್, ಅಡ್ಡಗೆರೆ, ಮುಚ್ಚುವ ಕಂಸ. ತಲೆ ವಾಲಿಸಿ ಓದಿ. ಇವತ್ತು ನೀವು ವಾಟ್ಸಾಪ್‌ನಲ್ಲಿ ಒತ್ತುವ ನಗುಮುಖದ ಮುತ್ತಜ್ಜ ಅದು.

ಗುರುತು ಬಂದರೂ ನಂಬುವವರು ನಂಬುತ್ತಲೇ ಇದ್ದರು. 1984ರ ಏಪ್ರಿಲ್ 1ರಂದು ಆಮ್‌ಸ್ಟರ್‌ಡ್ಯಾಮ್‌ನ ಪೀಟ್ ಬೀರ್ಟೆಮಾ, ಸೋವಿಯತ್ ನಾಯಕ ಚೆರ್ನೆಂಕೊ ಹೆಸರಿನಲ್ಲಿ ಯೂಸ್‌ನೆಟ್‌ಗೆ ಪತ್ರ ಹಾಕಿದರು. ನಾವೂ ನಿಮ್ಮ ಜಾಲ ಸೇರಿದ್ದೇವೆ ಎಂದು. ಕಳುಹಿಸಿದ ಕಂಪ್ಯೂಟರಿನ ಹೆಸರು ‘ಕ್ರೆಮ್‌ವ್ಯಾಕ್ಸ್’. ಎಷ್ಟೋ ಜನ ನಿಜ ಅಂದುಕೊಂಡರು. ಆರು ವರ್ಷದ ಮೇಲೆ ರಷ್ಯನ್ನರು ನಿಜಕ್ಕೂ ಬಂದರು. ಅವರ ಪೈಕಿ ವದಿಮ್ ಅಂತೊನೊವ್ ತಮ್ಮ ಒಂದು ಯಂತ್ರಕ್ಕೆ ಕ್ರೆಮ್‌ವ್ಯಾಕ್ಸ್ ಎಂದೇ ಹೆಸರಿಟ್ಟರು. 1991ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿಗೆ ಯತ್ನ ನಡೆದಾಗ ಹೊರಜಗತ್ತಿಗೆ ಸುದ್ದಿ ಹರಿಸಿದವರಲ್ಲಿ ಈ ಜಾಲದವರೂ ಇದ್ದರು.

ಪಾರಿವಾಳದ ಕಥೆ ಇನ್ನೂ ಚೆಂದ. ಇಂಟರ್ನೆಟ್‌ನ ನಿಯಮಗಳನ್ನು ಬರೆಯುವ ಗಂಭೀರ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. 1990ರ ಏಪ್ರಿಲ್ 1ರ 1149ನೇ ಆರ್‌ಎಫ್‌ಸಿ, ಮಾಹಿತಿಯನ್ನು ಹಕ್ಕಿಯ ಕಾಲಿಗೆ ಕಟ್ಟಿ ಕಳಿಸುವ ಬಗೆಯನ್ನು ನಗದೆ ವಿವರಿಸುತ್ತದೆ. 2001ರಲ್ಲಿ ನಾರ್ವೆಯ ಬರ್ಗೆನ್‌ನ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವ ಗೆಳೆಯರು ಇದನ್ನು ಮಾಡಿಯೇ ತೋರಿಸಿದರು. ಕಳಿಸಿದ್ದು ಒಂಬತ್ತು ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ಕಟ್ಟುಗಳು, ಉತ್ತರ ಬಂದದ್ದು ನಾಲ್ಕಕ್ಕೆ. ಬೇಗ ಬಂದ ಉತ್ತರಕ್ಕೇ ಸುಮಾರು 3,212 ಸೆಕೆಂಡ್ ಹಿಡಿಯಿತು.

1998ರ ಏಪ್ರಿಲ್ 1ರಂದು ಲ್ಯಾರಿ ಮಾಸಿಂಟರ್ ಕಾಫಿ ಪಾತ್ರೆಗಳನ್ನು ಇಂಟರ್ನೆಟ್ ಮೂಲಕ ನಡೆಸುವ ನಿಯಮ ಬರೆದರು. ಚಹಾದ ಕೆಟಲ್‌ಗೆ ಕಾಫಿ ಮಾಡು ಎಂದರೆ ಅದು 418 ಎಂಬ ಸಂಖ್ಯೆಯೊಂದಿಗೆ ‘ನಾನು ಚಹಾದ ಕೆಟಲ್’ ಎಂದು ಉತ್ತರ ಕೊಡಬೇಕು. ಪುಟ ಸಿಗದಿದ್ದರೆ 404 ಬರುತ್ತದಲ್ಲ, ಅದರ ತಮ್ಮ ಇದು. ಪ್ರೋಗ್ರಾಮರ್‌ಗಳು ಸುಮ್ಮನಿರುತ್ತಾರಾ? ತಮ್ಮ ತಮ್ಮ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಸೇರಿಸಿದರು. 2017ರಲ್ಲಿ ಇದನ್ನು ತೆಗೆಯೋಣ ಎಂಬ ಮಾತು ಬಂದಾಗ 15 ವರ್ಷದ ಹುಡುಗನೊಬ್ಬ ‘418 ಉಳಿಸಿ’ ಎಂದು ಅಭಿಯಾನವನ್ನೇ ನಡೆಸಿದ. 2022ರಲ್ಲಿ ವೆಬ್‌ನ ಅಧಿಕೃತ ನಿಯಮಗಳು ಹೊಸದಾಗಿ ಬಂದಾಗ ಅದರಲ್ಲಿ 418ಕ್ಕೂ ಒಂದು ಜಾಗ ಸಿಕ್ಕಿತು. ಈ ಸಂಖ್ಯೆಯನ್ನು ತಮಾಷೆಗೆಂದು ಎಷ್ಟು ಕಡೆ ಬಳಸಿಬಿಟ್ಟಿದ್ದಾರೆ ಎಂದರೆ ಇನ್ನು ಬೇರೆ ಯಾವ ಕೆಲಸಕ್ಕೂ ಕೊಡಲು ಬರುವುದಿಲ್ಲ, ಆದ್ದರಿಂದ ಮೀಸಲಿಡಲಾಗಿದೆ ಎಂದು ಅಲ್ಲಿ ಬರೆದಿದೆ.