ಮದುವೆಯ ಕಾರ್ಯಕ್ರಮ ಪತ್ರ: ಎಷ್ಟು ಪುಟ, ಯಾವ ಪುಟದಲ್ಲಿ ಏನು

ಮಡಿಕೇರಿಯಲ್ಲಿ ಮುದ್ರಣ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನ ಬಳಿಗೆ ಮದುವೆಯ ಮನೆಯವರು ಬಂದರೆ, ಲಗ್ನಪತ್ರಿಕೆಯ ಮಾತು ಮುಗಿದ ಮೇಲೆ ಈಚಿನ ವರ್ಷಗಳಲ್ಲಿ ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆಯಿದೆ: “ಪ್ರೋಗ್ರಾಂ ಪುಸ್ತಕ ಎಷ್ಟು ಪುಟ ಮಾಡಿಸೋಣ?” ಬೆಂಗಳೂರಿನಿಂದಲೂ ಹೊರರಾಜ್ಯಗಳಿಂದಲೂ ಬರುವ ಸ್ನೇಹಿತರು, ಸಹೋದ್ಯೋಗಿಗಳು ಹೆಚ್ಚಿರುವಾಗ ಶಾಸ್ತ್ರಗಳ ಕ್ರಮವನ್ನೂ ಅರ್ಥವನ್ನೂ ತಿಳಿಸುವ ಒಂದು ಪತ್ರ ಅವರ ಕೈಯಲ್ಲಿರಲಿ ಎಂದು ಬಯಸುವುದು ಸಹಜ. ಆದರೆ ಪುಟಗಳ ಲೆಕ್ಕ ಆಮೇಲಿನ ಮಾತು. ಅತಿಥಿಯು ಅದನ್ನು ಕುಳಿತು ನೋಡುತ್ತಾರೋ ನಿಂತು ನೋಡುತ್ತಾರೋ, ಎರಡು ಕೈಯಲ್ಲಿ ಹಿಡಿಯುತ್ತಾರೋ ಒಂದೇ ಕೈಯಲ್ಲೋ, ಯಾವ ಗಳಿಗೆಯಲ್ಲಿ ಅದರ ಅಗತ್ಯ ಬೀಳುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಅದು ತಿಳಿದರೆ ಉದ್ದ, ಮಡಿಕೆ, ಅಕ್ಷರದ ಅಳತೆ ಎಲ್ಲವನ್ನೂ ನಿರ್ಧರಿಸುವುದು ಸುಲಭ.

ಕೊಡಗಿನಲ್ಲಿ ಒಂದೇ ಬಗೆಯ ಮದುವೆಯಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರಷ್ಟು ಹಳೆಯದು. ಚರ್ಚಿನ ಮದುವೆ ಈ ಜಿಲ್ಲೆಗೆ ಹೊಸತಲ್ಲ. ಅಲ್ಲಿ ಪುಸ್ತಿಕೆಯನ್ನು ಬಾಯಿಂದ ಬಳಸುತ್ತಾರೆ: ಗುರುಗಳು ಹೇಳಿದ್ದಕ್ಕೆ ಸಭೆ ಉತ್ತರ ಕೊಡಬೇಕು, ಗೀತೆಗಳನ್ನು ಹಾಡಬೇಕು. ಹೀಗಾಗಿ ಹಾಡಿನ ಒಂದು ಸಾಲನ್ನೂ ಬಿಡುವಂತಿಲ್ಲ. ಪುಸ್ತಿಕೆ 12 ಅಥವಾ 16 ಪುಟಕ್ಕೆ ಬೆಳೆದರೂ ಅದು ನ್ಯಾಯವಾದ ಉದ್ದವೇ. ಅಲ್ಲಿ ನಾನು ಕಾಯ್ದುಕೊಳ್ಳುವುದು ಎರಡು ವಿಷಯಗಳನ್ನು. ಚರಣದ ನಡುವೆ ಪುಟ ತಿರುಗಿಸುವ ಸಂದರ್ಭ ಬರಬಾರದು, ಮತ್ತು ವಧೂವರರು ವಚನ ಕೊಡುವ ಭಾಗ ಎದುರುಬದುರಾದ ಎರಡು ಪುಟಗಳೊಳಗೆ ಮುಗಿಯಬೇಕು. ಇನ್ನೂರು ಜನ ಏಕಕಾಲಕ್ಕೆ ಪುಟ ಮಗುಚುವ ಸದ್ದಿನಲ್ಲಿ ಹುಡುಗಿಯ ಮೆಲುದನಿ ಮುಳುಗಿಹೋದದ್ದನ್ನು ಕೇಳಿದ ಮೇಲೆ ಈ ಎರಡನೆಯ ನಿಯಮವನ್ನು ನಾನು ಯಾರಿಗಾಗಿಯೂ ಸಡಿಲಿಸಿಲ್ಲ. ಪುರೋಹಿತರು ನಡೆಸುವ ಮದುವೆಗಳಲ್ಲಿ ಮಂತ್ರ ಹೇಳುವವರು ಅವರೇ ಆದ್ದರಿಂದ ಅತಿಥಿಗೆ ಶಾಸ್ತ್ರದ ಹೆಸರು ಮತ್ತು ಒಂದೆರಡು ಸಾಲಿನ ವಿವರಣೆ ಸಾಕು. ಒಂದೇ ಹಾಳೆಯಲ್ಲಿ ಮುಗಿಯುತ್ತದೆ.

ಕೊಡವ ಮದುವೆಯ ರೀತಿ ಇವೆರಡಕ್ಕಿಂತ ಬೇರೆ. ಅಲ್ಲಿ ಪುರೋಹಿತರಿಲ್ಲ. ಉರಿಯುವ ದೀಪದ ಮುಂದೆ ಮುಕ್ಕಾಲಿಯ ಮೇಲೆ ಕುಳಿತ ವಧುವನ್ನೂ ವರನನ್ನೂ ಹಿರಿಯರು ಮತ್ತು ನೆಂಟರು ಒಬ್ಬೊಬ್ಬರಾಗಿ ಬಂದು ಹರಸುವುದೇ ಅಲ್ಲಿನ ಮುಹೂರ್ತ. ಧ್ವನಿವರ್ಧಕದಲ್ಲಿ ಮಂತ್ರವಿಲ್ಲ, ಈಗ ಏನು ನಡೆಯುತ್ತಿದೆ ಎಂದು ಹೇಳುವವರಿಲ್ಲ. ಕೇಳಿಸುವುದು ವಾಲಗ ಮಾತ್ರ. ನೋಡುತ್ತ ಬೆಳೆದವರಿಗೆ ಎಲ್ಲವೂ ಗೊತ್ತಿದೆ, ಮೊದಲ ಬಾರಿಗೆ ಬಂದವರಿಗೆ ಯಾವುದೂ ಗೊತ್ತಾಗುವುದಿಲ್ಲ. ಒಡಿಕತ್ತಿ ಎಂಬ ಬಾಗಿದ ಕತ್ತಿಯಿಂದ ಬಾಳೆ ಕಡಿಯುವುದು ಯಾಕೆ, ಎರಡು ಕಡೆಯ ಅರುವರು, ಎಂದರೆ ಮನೆತನದ ಪರವಾಗಿ ಮಾತನಾಡುವ ಹಿರಿಯರು, ಎದುರುಬದುರು ನಿಂತು ನಡೆಸುವ ಮಾತುಕತೆಯೇನು, ಆ ಸಮ್ಮಂದ ಕೊಡುವ ಶಾಸ್ತ್ರದಿಂದ ಹುಡುಗಿಗೆ ಹೊಸ ಒಕ್ಕದಲ್ಲಿ (ಮನೆತನದಲ್ಲಿ) ಹಕ್ಕು ಸಿಗುತ್ತದೆ ಎಂಬುದು ಹೇಗೆ, ಇವನ್ನೆಲ್ಲ ತಿಳಿಸುವ ಕೆಲಸ ಪೂರ್ತಿಯಾಗಿ ಆ ಕಾಗದದ ಮೇಲೆ ಬೀಳುತ್ತದೆ. ನನ್ನ ಮಟ್ಟಿಗೆ ಕಾರ್ಯಕ್ರಮ ಪತ್ರ ನಿಜವಾಗಿ ಬೇಕಾದದ್ದು ಇಂಥ ಮದುವೆಗೆ, ಮತ್ತು ಅದು ಅತ್ಯಂತ ಚಿಕ್ಕದಾಗಿರಬೇಕಾದದ್ದೂ ಇಂಥ ಮದುವೆಯಲ್ಲೇ. ಯಾಕೆಂದರೆ ಇಲ್ಲಿ ಅತಿಥಿ ಬರಿಯ ಪ್ರೇಕ್ಷಕರಲ್ಲ. ಸರದಿಯಲ್ಲಿ ನಿಂತು, ದಂಪತಿಯ ಮುಂದೆ ಹೋಗಿ, ತಮ್ಮ ಕೈಯಾರೆ ಹರಸಬೇಕಾದವರು.

ಆ ಸರದಿಯಲ್ಲಿ ನಿಂತವರನ್ನು ಗಮನಿಸಿ ನೋಡಿದ್ದರಿಂದಲೇ ನನ್ನ ವಿನ್ಯಾಸ ಬದಲಾಯಿತು. ಹೊರಗಿನಿಂದ ಬಂದಿದ್ದ ಒಬ್ಬ ಮಹಿಳೆಯ ಒಂದು ಕೈಯಲ್ಲಿ ಉಡುಗೊರೆಯ ಕವರು, ತೋಳಿನಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನಾನು ಮಾಡಿಕೊಟ್ಟಿದ್ದ ಹನ್ನೆರಡು ಪುಟದ ಪುಸ್ತಿಕೆ. ಹರಸುವ ವಿಧಾನವನ್ನು ನಾನು ಏಳನೆಯ ಪುಟದಲ್ಲಿ ಬಹಳ ಅಚ್ಚುಕಟ್ಟಾಗಿ ಹಾಕಿದ್ದೆ. ಆಕೆ ಹೆಬ್ಬೆರಳಿನಿಂದ ಪುಟ ಸರಿಸಲು ಎರಡು ಸಲ ಪ್ರಯತ್ನಿಸಿ, ಪುಸ್ತಿಕೆಯನ್ನು ಕಂಕುಳಲ್ಲಿ ಇರಿಸಿಕೊಂಡು, ಮುಂದಿದ್ದವರು ಮಾಡಿದ್ದನ್ನೇ ನೋಡಿ ಮಾಡಿದರು. ಅಂದಿನಿಂದ ಆ ಭಾಗವನ್ನು ನಾನು ಹಿಂಬದಿಯ ಹೊರಪುಟದಲ್ಲಿ, ತೆರೆಯದೆ ಕಾಣುವಂತೆ, ಇಡೀ ಪತ್ರದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕುತ್ತೇನೆ: ಅಕ್ಕಿಯನ್ನು ತೆಗೆದುಕೊಂಡು ಮೊಣಕಾಲು, ಭುಜ, ತಲೆಗೆ ಹಾಕಿ, ಕಿಂಡಿಯಿಂದ ಒಂದು ಗುಟುಕು ಹಾಲು ಕುಡಿಸಿ, ನಾಣ್ಯ ಅಥವಾ ಉಡುಗೊರೆಯನ್ನು ಕೈಗೆ ಕೊಟ್ಟು ಹರಸಿ. ಪಕ್ಕದಲ್ಲಿ ಕಿಂಡಿ ಎಂಬ ಮೂತಿಯುಳ್ಳ ಪಾತ್ರೆಯ ಒಂದು ರೇಖಾಚಿತ್ರ. ಕೆಲವು ಒಕ್ಕಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುವುದರಿಂದ ಈ ಮೂರು ಸಾಲನ್ನು ಪ್ರತಿ ಸಲವೂ ಆ ಮನೆಯ ಹಿರಿಯರಿಗೆ ಓದಿ ಹೇಳಿ ಒಪ್ಪಿಗೆ ಪಡೆಯುತ್ತೇನೆ.

ಇನ್ನು ಪುಟಗಳ ಲೆಕ್ಕ. ಎ4 ಹಾಳೆಯನ್ನು ನಡುವೆ ಮಡಿಸಿದರೆ ಎ5 ಅಳತೆಯ, ಎಂದರೆ 148ಕ್ಕೆ 210 ಮಿಲಿಮೀಟರಿನ ನಾಲ್ಕು ಪುಟಗಳಾಗುತ್ತವೆ. ನಡುವೆ ಪಿನ್ ಹೊಡೆಯುವ ಯಾವ ಪುಸ್ತಿಕೆಯಾದರೂ ನಾಲ್ಕರ ಮಗ್ಗಿಯಲ್ಲೇ ಬೆಳೆಯುತ್ತದೆ: 4, 8, 12, 16. ಹತ್ತು ಪುಟಕ್ಕೆ ಆಗುವಷ್ಟು ವಿಷಯ ತಂದವರು ಎರಡು ಖಾಲಿ ಪುಟಗಳನ್ನು ತುಂಬಿಸಲು ಎಲ್ಲಿಂದಲೋ ಒಂದು ಕವಿತೆ, ಒಂದು ಫೋಟೋ ಹುಡುಕತೊಡಗುತ್ತಾರೆ. ನಾನು ಯಾವಾಗಲೂ ಎಂಟಕ್ಕೆ ಇಳಿಸಲು ಹೇಳುತ್ತೇನೆ. ಹನ್ನೆರಡಕ್ಕೆ ಏರಿಸಲು ಹೇಳಿದ್ದು ನೆನಪಿಲ್ಲ. ಮೂರು ಮಡಿಕೆಯ ಪತ್ರ ಮಾಡಿಸುವವರು ಒಂದು ಸೂಕ್ಷ್ಮವನ್ನು ನೆನಪಿಡಬೇಕು: 297 ಮಿಲಿಮೀಟರನ್ನು ಸಮವಾಗಿ 99ರಂತೆ ಭಾಗ ಮಾಡಿದರೆ ಒಳಕ್ಕೆ ಮಡಿಯುವ ಭಾಗ ಸಿಕ್ಕಿಕೊಂಡು ಅಂಚು ಮುದುಡುತ್ತದೆ. 100, 100, 97 ಎಂದು ಬಿಟ್ಟರೆ ಚೆನ್ನಾಗಿ ಕೂರುತ್ತದೆ.

ಒಂದು ಪುಟದಲ್ಲಿ ಎಷ್ಟು ಪದ ಹಿಡಿಸುತ್ತದೆ ಎಂಬುದು ಕನ್ನಡದ ಅಕ್ಷರಗಳ ಸ್ವಭಾವವನ್ನು ಅವಲಂಬಿಸಿದೆ. ಇಂಗ್ಲಿಷ್ ಅಕ್ಷರಕ್ಕೆ 12 ಪಾಯಿಂಟಿಗೆ 14 ಅಥವಾ 15 ಪಾಯಿಂಟಿನ ಸಾಲಂತರ ಸಾಕಾಗುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ, ಮೇಲೆ ಗುಣಿತದ ಗುಡಿಸು ಇರುವುದರಿಂದ ಅಷ್ಟೇ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 12ಕ್ಕೆ 17 ಪಾಯಿಂಟ್ ಇಡುತ್ತೇನೆ. ಅದು ಸರಿಸುಮಾರು 6 ಮಿಲಿಮೀಟರ್. ಅಂಚುಗಳನ್ನು ಬಿಟ್ಟು ಎ5 ಪುಟದಲ್ಲಿ ಉಳಿಯುವ ಎತ್ತರಕ್ಕೆ 29 ಸಾಲು ಬರುತ್ತದೆ. ಶೀರ್ಷಿಕೆಗಳಿಗೂ ಪ್ಯಾರಾಗಳ ನಡುವಿನ ಬಿಡುವಿಗೂ ಜಾಗ ಕೊಟ್ಟರೆ ಸುಮಾರು 130 ಪದಗಳಷ್ಟೇ ಉಳಿಯುತ್ತವೆ. ಆದ್ದರಿಂದ ನಾಲ್ಕು ಪುಟದ ಪತ್ರದಲ್ಲಿ ಒಳಗಿನ ಎರಡು ಪುಟಕ್ಕೆ ಒಟ್ಟು 260 ಪದ. ಕೊಡವ ಮದುವೆಯ ಮುಖ್ಯ ಶಾಸ್ತ್ರಗಳನ್ನು ಒಂದೊಂದಕ್ಕೆ ಮೂವತ್ತು ನಲವತ್ತು ಪದಗಳಲ್ಲಿ ಹೇಳಲು ಅಷ್ಟು ಸಾಕು. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬೇಕೆಂದರೆ ಎಂಟು ಪುಟಕ್ಕೆ ಹೋಗಬೇಕು; ಆಗ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್ ಇಟ್ಟು, ಒಂದೇ ಶಾಸ್ತ್ರದ ಶೀರ್ಷಿಕೆ ಎರಡೂ ಕಡೆ ಒಂದೇ ಎತ್ತರದಲ್ಲಿ ಬರುವಂತೆ ನೋಡಿಕೊಂಡರೆ, ಪಕ್ಕದಲ್ಲಿ ಕುಳಿತ ಅಜ್ಜಿಯೂ ಮೊಮ್ಮಗನ ಸ್ನೇಹಿತನೂ ಒಂದೇ ಪತ್ರದಲ್ಲಿ ಬೆರಳಿಟ್ಟು ಮಾತನಾಡಬಹುದು.

ಪದ ಹೆಚ್ಚಾದಾಗ ಅಕ್ಷರ ಕಿರಿದು ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಒಮ್ಮೆ ಮನೆಯವರ ಒತ್ತಾಯಕ್ಕೆ ಮಣಿದು 9 ಪಾಯಿಂಟಿಗೆ ಇಳಿಸಿದ್ದೆ. ಮಂಟಪದ ಹಳದಿ ದೀಪದಡಿ ವಯಸ್ಸಾದ ಒಬ್ಬರು ಪತ್ರವನ್ನು ತೋಳು ಚಾಚಿದಷ್ಟು ದೂರ ಹಿಡಿದು, ಮತ್ತೆ ಕಣ್ಣಿನ ಹತ್ತಿರ ತಂದು, ಕೊನೆಗೆ ಮಡಿಸಿ ಬೀಸಣಿಗೆ ಮಾಡಿಕೊಂಡರು. ಪದಗಳನ್ನು ಕಡಿಮೆ ಮಾಡಬೇಕೇ ಹೊರತು ಅಕ್ಷರವನ್ನಲ್ಲ ಎಂದು ಈಗ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ.

ಕಡಿಮೆ ಮಾಡಬಾರದ ಒಂದು ಸಂಗತಿಯಿದೆ: ಹೆಸರು. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಜಾಗ ಉಳಿಸಲೆಂದು ಮನೆಹೆಸರನ್ನು ಒಂದಕ್ಷರಕ್ಕೆ ಇಳಿಸುವ ರೂಢಿ ಕಚೇರಿಗಳಿಂದ ಬಂದದ್ದು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು ಜನರಲ್ ಕೆ.ಎಸ್. ತಿಮ್ಮಯ್ಯ ಎಂದು ಬರೆದಾಗ ಇಬ್ಬರ ‘ಕೆ’ಯೂ ಕೊಡಂದೇರ ಎಂಬ ಒಂದೇ ಮನೆಹೆಸರು ಎನ್ನುವುದು ಓದುವವರಿಗೆ ತಿಳಿಯುವುದೇ ಇಲ್ಲ. ಎರಡು ಒಕ್ಕಗಳು ಸೇರುವ ದಿನ ಹಂಚುವ ಪತ್ರದಲ್ಲಿ ಒಕ್ಕದ ಹೆಸರೇ ಮರೆಯಾಗುವುದು ನನಗೆ ಸಹಿಸಲಾಗದ ಲೋಪ. ಪೂರ್ತಿ ಹೆಸರು ಹಾಕಬೇಕು, ಮನೆಹೆಸರು ಸಾಲಿನ ಕೊನೆಯಲ್ಲೂ ವ್ಯಕ್ತಿಯ ಹೆಸರು ಮುಂದಿನ ಸಾಲಿನಲ್ಲೂ ಒಡೆದು ಕೂರದಂತೆ ಕಟ್ಟಬೇಕು. ಇದಕ್ಕೆ ಜಾಗ ಬೇಕಾದರೆ ಹೆಸರುಗಳ ಸಂಖ್ಯೆಯನ್ನು ಮಿತಗೊಳಿಸಿ: ವಧೂವರರು, ತಂದೆತಾಯಿ, ಎರಡು ಕಡೆಯ ಅರುವರು, ಜೊತೆಗೆ ನಿಲ್ಲುವ ಬೊಜಕಾರ ಮತ್ತು ಬೊಜಕಾರ್ತಿ. ಬಂಧುಬಳಗದ ಉದ್ದ ಪಟ್ಟಿ ಲಗ್ನಪತ್ರಿಕೆಯಲ್ಲಿ ಆಗಲೇ ಬಂದಿರುತ್ತದೆ.

ಕೊಡವ ತಕ್ಕ್‌ನ, ಎಂದರೆ ಕೊಡವ ಭಾಷೆಯ, ಪದಗಳನ್ನು ಕನ್ನಡ ಲಿಪಿಯಲ್ಲಿ ಜೋಡಿಸುವಾಗ ಅಕ್ಷರಗಳು ತಾವಾಗಿ ಒತ್ತಾಗಿಬಿಡುವ ಅಪಾಯವಿದೆ. ‘ಪಾಟ್‌ಕಾರ’ ಎಂದು ಬಿಡಿಸಿ ಬರಬೇಕಾದಲ್ಲಿ ಯುನಿಕೋಡ್ ಅದನ್ನು ‘ಪಾಟ್ಕಾರ’ ಎಂದು ಸೇರಿಸುತ್ತದೆ. ನಡುವೆ ಕಣ್ಣಿಗೆ ಕಾಣದ ವಿಭಜಕವನ್ನು ಹಾಕಬೇಕು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿದಾಗಲೂ ಅರ್ಕಾವತ್ತು ಮತ್ತು ಒತ್ತುಗಳು ಅಲ್ಲಲ್ಲಿ ಸ್ಥಳ ತಪ್ಪುತ್ತವೆ. ಪರಿವರ್ತಿಸಿದ ಪಠ್ಯವನ್ನು ಮೂಲದ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದದೆ ಮುದ್ರಣಕ್ಕೆ ಕಳಿಸಬಾರದು.

ಸಮಯದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಪ್ರತಿ ಶಾಸ್ತ್ರದ ಎದುರಿಗೂ ಗಂಟೆ ನಿಮಿಷ ಹಾಕಿ, ಗಂಗಾಪೂಜೆಗೆ ಸಂಜೆ 6:30, ಊಟಕ್ಕೆ 7:30 ಎಂದು ಅಚ್ಚು ಮಾಡಿಸಿಕೊಟ್ಟೆ. ಮದುಮಗಳು ನೀರು ತುಂಬಿದ ಕೊಡ ಹೊತ್ತು ಬಾವಿಯಿಂದ ಮನೆಯತ್ತ ಬರುವಾಗ ವರನ ಕಡೆಯವರು ದಾರಿಗೆ ಅಡ್ಡವಾಗಿ ಕುಣಿಯುತ್ತಾರೆ. ವಾಲಗ ನಿಲ್ಲುವವರೆಗೆ, ಕುಣಿಯುವವರಿಗೆ ತೃಪ್ತಿಯಾಗುವವರೆಗೆ ಆಕೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರಬೇಕು. ಅದು ಗಂಟೆಗಟ್ಟಲೆ ನಡೆಯಬಹುದು. ಅಂದು ಹಾಗೆಯೇ ನಡೆಯಿತು. ಮುದ್ರಿತ ಸಮಯವನ್ನು ನಂಬಿ ಒಂಬತ್ತಕ್ಕೆ ವಾಹನ ಹೇಳಿಟ್ಟಿದ್ದ ಹಲವು ಅತಿಥಿಗಳು ಊಟವನ್ನೂ ಮಾಡದೆ, ಮನೆ ತುಂಬಿಸಿಕೊಳ್ಳುವುದನ್ನೂ ನೋಡದೆ ಘಟ್ಟ ಇಳಿದರು. ಆ ಮನೆಯ ಯಜಮಾನರು ನನ್ನನ್ನು ಬೈಯಲಿಲ್ಲ, ಆದರೆ ಅವರಿಗಾದ ನೋವು ನನಗೆ ಗೊತ್ತಾಯಿತು. ಈಗ ನಾನು ಗಡಿಯಾರದ ಸಮಯವನ್ನು ಮೂರಕ್ಕೆ ಮಾತ್ರ ಕೊಡುತ್ತೇನೆ: ಮುಹೂರ್ತ, ಊಟ ಆರಂಭ, ಬಸ್ಸು ಹೊರಡುವುದು. ಉಳಿದವಕ್ಕೆ ಕ್ರಮ ಮಾತ್ರ. ಗಂಗಾಪೂಜೆಯ ಕೆಳಗೆ “ಕುಣಿತ ಮುಗಿಯುವವರೆಗೆ, ನೀವೂ ಸೇರಿಕೊಳ್ಳಬಹುದು” ಎಂದು ಒಂದು ಸಾಲು ಸೇರಿಸುತ್ತೇನೆ.

ಕಾಗದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಳಪಿನ ಲ್ಯಾಮಿನೇಷನ್ ವಿಡಿಯೋದವರ ಬೆಳಕಿನಲ್ಲಿ ಕನ್ನಡಿಯಂತೆ ಮಿನುಗಿ ಓದಲು ಬಿಡುವುದಿಲ್ಲ. ಮ್ಯಾಟ್ ಅಥವಾ ಲೇಪನವಿಲ್ಲದ ಕಾಗದ ಒಳ್ಳೆಯದು. ನಾಲ್ಕು ಪುಟದ ಪತ್ರಕ್ಕೆ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ), ಎಂಟು ಪುಟವಾದರೆ ಒಳಪುಟಕ್ಕೆ 100ರಿಂದ 120. ದಪ್ಪ ಕಾಗದವನ್ನು ಗೆರೆ ಒತ್ತಿದ ಮೇಲೆಯೇ ಮಡಿಸಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇಲ್ಲಿ ಮದುವೆಗಳಿಲ್ಲವಾದರೂ ಜೂನ್ ತಿಂಗಳಲ್ಲೂ ಸೆಪ್ಟೆಂಬರಿನಲ್ಲೂ ಗಾಳಿಯ ತೇವ ಕಾಗದದ ಅಂಚನ್ನು ಸುರುಳಿ ಮಾಡುತ್ತದೆ. ಆ ದಿನಗಳಲ್ಲಿ ಕಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಮಂಟಪಕ್ಕೆ ತಂದ ಮೇಲೆಯೇ ಬಿಚ್ಚಲು ಹೇಳುತ್ತೇನೆ.

ಎಲ್ಲಕ್ಕಿಂತ ಕೊನೆಗೆ, ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿ ಒಪ್ಪಿಗೆ ಪಡೆಯುವುದನ್ನು ನಾನು ಬಿಟ್ಟಿದ್ದೇನೆ. ಅದೇ ಅಳತೆಯ ಹಾಳೆಯಲ್ಲಿ ಒಂದು ಪ್ರತಿ ತೆಗೆದು, ಮಡಿಸಿ, ಮನೆಯವರ ಕೈಗೆ ಕೊಟ್ಟು ಒಂದು ರಾತ್ರಿ ಇಟ್ಟುಕೊಳ್ಳಲು ಹೇಳುತ್ತೇನೆ. ಮನೆಯ ಹಿರಿಯರೊಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಶಾಸ್ತ್ರ ಗೊತ್ತಿಲ್ಲದ ಕಿರಿಯರೊಬ್ಬರು ಕೇಳಿಸಿಕೊಳ್ಳಬೇಕು. ಮರುದಿನ ಆ ಹಾಳೆ ಪೆನ್ಸಿಲಿನ ಗುರುತುಗಳೊಡನೆ ವಾಪಸ್ಸು ಬರುತ್ತದೆ: ಸಮ್ಮಂದದ ವಿವರಣೆಯಲ್ಲಿ ಒಂದು ಪದ ಬದಲಾಗಿರುತ್ತದೆ, ಅರುವರ ಮನೆಹೆಸರಿನಲ್ಲಿ ಬಿಟ್ಟುಹೋದ ಒಂದು ಸೊನ್ನೆ ಸೇರಿರುತ್ತದೆ, ಊಟದ ಹೊತ್ತು ಅರ್ಧ ಗಂಟೆ ಮುಂದೆ ಹೋಗಿರುತ್ತದೆ. ಆ ಗುರುತುಗಳನ್ನು ತಿದ್ದಿ, ಹಾಳೆಯ ಮೇಲೆ ಅವರ ಸಹಿ ಪಡೆದ ಮೇಲೆಯೇ ಮುದ್ರಣಕ್ಕೆ ಕಳಿಸುತ್ತೇನೆ.